ಸ್ಪಿನ್‌ಲಾಕ್ ಹಾಕಿದ್ಮೇಲೂ ಮಷಿನ್ ಪೂರ್ತಿ ಹ್ಯಾಂಗ್, ಡ್ರೈವರ್‌ನಲ್ಲಿ ಎಲ್ಲಿ ಎಡವ್ತಿದೀನಿ?

ರಿಂಗ್‌ಬಫರ್_ಹುಡುಗ

ಎಲ್ರಿಗೂ ನಮಸ್ಕಾರ. ಲಿನಕ್ಸ್‌ಗೆ ಒಂದು ಸಣ್ಣ ಕ್ಯಾರೆಕ್ಟರ್ ಡ್ರೈವರ್ ಬರೀತಿದೀನಿ, ಕಲಿಯೋಕೆ ಅಂತ ಶುರು ಮಾಡಿದ್ದು ಈಗ ಕೆಲಸಕ್ಕೇ ಬಂದ್ಬಿಟ್ಟಿದೆ. ಪಿಸಿಐ ಕಾರ್ಡ್ ಒಂದಿದೆ, ಡೇಟಾ ರೆಡಿ ಆದಾಗೆಲ್ಲಾ ಇಂಟರಪ್ಟ್ ಕೊಡುತ್ತೆ, ಅಂದ್ರೆ ಮಾಡ್ತಿರೋ ಕೆಲಸ ನಿಲ್ಸಿ ನನ್ನ ಹ್ಯಾಂಡ್ಲರ್ ಫಂಕ್ಷನ್ ಓಡಿಸು ಅಂತ ಸಿಪಿಯುಗೆ ಸಿಗ್ನಲ್. ಹ್ಯಾಂಡ್ಲರ್ ಆ ಡೇಟಾ ಓದಿ ರಿಂಗ್ ಬಫರ್‌ಗೆ ಹಾಕುತ್ತೆ, ಆಮೇಲೆ ಯೂಸರ್ ಪ್ರೋಗ್ರಾಂ ರೀಡ್ ಕರೆದಾಗ ಬಫರ್‌ನಿಂದ ತೆಗೆದು ಕೊಡ್ತೀನಿ. ಎರಡೂ ಕಡೆ ಒಂದೇ ಸ್ಪಿನ್‌ಲಾಕ್, ಅಂದ್ರೆ ಕಾಯೋನು ನಿದ್ದೆ ಹೋಗದೇ ಸುತ್ತುತ್ತಾ ಕಾಯೋ ಲಾಕ್. ರೀಡ್‌ನಲ್ಲಿ ಸ್ಪಿನ್_ಲಾಕ್, ಕಾಪಿ_ಟು_ಯೂಸರ್ (ಯೂಸರ್ ಪ್ರೋಗ್ರಾಂ ಮೆಮೊರಿಗೆ ಕಾಪಿ), ಸ್ಪಿನ್_ಅನ್‌ಲಾಕ್. ಹ್ಯಾಂಡ್ಲರ್‌ನಲ್ಲೂ ಸ್ಪಿನ್_ಲಾಕ್, ಬಫರ್‌ಗೆ ಹಾಕೋದು, ಸ್ಪಿನ್_ಅನ್‌ಲಾಕ್. ಅಷ್ಟೇ ಕೋಡ್.

ಹಳೇ ಸಿಂಗಲ್ ಕೋರ್ ಬೋರ್ಡ್ ಮೇಲೆ ಒಂದು ತಿಂಗಳು ಓಡಿಸಿದೀನಿ, ಒಂದು ಸಲಾನೂ ತಕರಾರಿಲ್ಲ. ಈಗ 4 ಕೋರ್‌ನ ಎಕ್ಸ್86 ಮಷಿನ್‌ಗೆ ಹಾಕಿದ್ರೆ ಒಂದ್ಸಲ ಹತ್ತು ನಿಮಿಷಕ್ಕೆ, ಒಂದ್ಸಲ ಒಂದು ಗಂಟೆಗೆ, ಪೂರ್ತಿ ಹ್ಯಾಂಗ್. ಕೀಬೋರ್ಡ್ ಇಲ್ಲ, ಪಿಂಗ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ. ನಡುವೆ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಬರೆಯೋ ಸಾಲು) ತುರುಕಿದ್ರೆ ಹ್ಯಾಂಗ್ ಆಗೋದು ಇನ್ನೂ ತಡ ಆಗುತ್ತೆ. ಸ್ಪಿನ್‌ಲಾಕ್ ಇರೋದೇ ಮಲ್ಟಿ ಕೋರ್‌ಗೆ ಅಲ್ವಾ, ಮತ್ತೆ ಅಲ್ಲೇ ಯಾಕೆ ಕೈ ಕೊಡ್ತಿದೆ?

ಹಳೇಯುನಿಕ್ಸ್

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. ಸ್ಪಿನ್‌ಲಾಕ್ ಬೇರೆ ಕೋರ್‌ನವರನ್ನ ತಡೆಯೋಕೆ. ನಿಮಗೆ ತೊಂದರೆ ಕೊಡ್ತಿರೋದು ಬೇರೆ ಕೋರ್ ಅಲ್ಲ, ಅದೇ ಕೋರ್.

ಎರಡನೇ ಕೋರ್ ಮೇಲೆ ನಿಮ್ಮ ರೀಡ್ ಓಡ್ತಿದೆ, ಲಾಕ್ ಹಿಡ್ಕೊಂಡಿದೆ ಅಂತಿಟ್ಕೊಳ್ಳಿ. ಸರಿಯಾಗಿ ಆ ಗಳಿಗೇಲಿ ಕಾರ್ಡ್‌ನ ಇಂಟರಪ್ಟ್ ಅದೇ ಎರಡನೇ ಕೋರ್‌ಗೆ ಬಂತು. ಸಿಪಿಯು ರೀಡ್‌ನ ಅರ್ಧಕ್ಕೇ ನಿಲ್ಸಿ ಹ್ಯಾಂಡ್ಲರ್‌ಗೆ ಹಾರುತ್ತೆ, ಹ್ಯಾಂಡ್ಲರ್ ಅದೇ ಲಾಕ್ ಕೇಳುತ್ತೆ, ಲಾಕ್ ಖಾಲಿ ಇಲ್ಲ, ಸುತ್ತೋಕೆ ಶುರು. ಲಾಕ್ ಬಿಡಬೇಕಾದ ರೀಡ್ ಎಲ್ಲಿದೆ? ಇದೇ ಹ್ಯಾಂಡ್ಲರ್ ಕೆಳಗೆ ಬಿದ್ದಿದೆ, ಹ್ಯಾಂಡ್ಲರ್ ಮುಗಿಯೋವರೆಗೂ ಅದು ಏಳಲ್ಲ. ಮಲಗಿರೋನ ಎದೆ ಮೇಲೆ ನಿಂತ್ಕೊಂಡು ಅವನು ಎದ್ದು ಬಾಗಿಲು ತೆಗೀಲಿ ಅಂತ ಕಾದಂಗೆ ಆಯ್ತು.

ಇಂಟರಪ್ಟ್ ಮೂರನೇ ಕೋರ್‌ಗೆ ಬಂದಿದ್ರೆ ಏನೂ ಆಗ್ತಿರ್ಲಿಲ್ಲ, ಹ್ಯಾಂಡ್ಲರ್ ಒಂಚೂರು ಸುತ್ತುತ್ತೆ, ಅಷ್ಟರಲ್ಲಿ ಎರಡನೇ ಕೋರ್ ಲಾಕ್ ಬಿಡುತ್ತೆ. ಹಾಗಾಗಿ ಒಂದ್ಸಲ ಹತ್ತು ನಿಮಿಷ, ಒಂದ್ಸಲ ಒಂದು ಗಂಟೆ. ಅದೇ ಕೋರ್, ಅದೇ ಲಾಕ್, ಅದೇ ಗಳಿಗೆ, ಮೂರೂ ಕೂಡಿ ಬರೋವರೆಗೂ ಬದುಕಿರುತ್ತೆ.

ಇನ್ನು ಹಳೇ ಬೋರ್ಡ್ ವಿಷಯ. ಎಸ್‌ಎಂಪಿ (ಮಲ್ಟಿ ಕೋರ್ ಬೆಂಬಲ) ಇಲ್ದೇ ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಸ್ಪಿನ್_ಲಾಕ್ ಅಂದ್ರೆ ಹೆಚ್ಚು ಅಂದ್ರೆ ಪ್ರಿಎಂಪ್ಷನ್ (ಓಡ್ತಿರೋ ಕೆಲಸದಿಂದ ಕೋರ್ ಕಿತ್ತು ಬೇರೆಯದಕ್ಕೆ ಕೊಡೋದು) ನಿಲ್ಸೋದು, ಪ್ರಿಎಂಪ್ಷನ್ನೂ ಇಲ್ಲ ಅಂದ್ರೆ ಕಂಪೈಲ್ ಆದ್ಮೇಲೆ ಅಲ್ಲಿ ಏನೂ ಉಳಿಯಲ್ಲ. ಅಂದ್ರೆ ಅಲ್ಲಿ ನಿಮ್ಮ ಡ್ರೈವರ್‌ಗೆ ಲಾಕೇ ಇರ್ಲಿಲ್ಲ. ಹ್ಯಾಂಗ್ ಆಗ್ಲಿಲ್ಲ ನಿಜ, ಆದ್ರೆ ಡೇಟಾ ಸರಿ ಇತ್ತಾ ಅಂತ ಯಾವತ್ತಾದ್ರೂ ತಾಳೆ ನೋಡಿದೀರಾ?

ಪರಿಹಾರ ಚಿಕ್ಕದು. ರೀಡ್‌ನಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಹಾಕಿ, ಅದು ಆ ಕೋರ್‌ನ ಇಂಟರಪ್ಟ್ ಮುಚ್ಚಿ ಆಮೇಲೆ ಲಾಕ್ ಹಿಡಿಯುತ್ತೆ. ಹ್ಯಾಂಡ್ಲರ್ ಒಳಗೆ ಬರೀ ಸ್ಪಿನ್_ಲಾಕ್ ಸಾಕು, 2010ರ 2.6.35 ಕರ್ನಲ್‌ನಿಂದ ಹ್ಯಾಂಡ್ಲರ್‌ಗಳು ಆ ಕೋರ್‌ನ ಇಂಟರಪ್ಟ್ ಮುಚ್ಚಿದ ಸ್ಥಿತೀಲೇ ಓಡ್ತವೆ.

ನಿದ್ದೆಗೆಟ್ಟ_ಕೋರ್

ಸರ್ ಹೇಳಿದ್ದು ಸರಿ, ಆದ್ರೆ ಇದನ್ನ ಓದಿ ಹೋಗಿ ಬರೀ ಲಾಕ್ ಹೆಸರು ಬದಲಾಯಿಸಿದ್ರೆ ಇನ್ನೊಂದು ಗುಂಡಿಗೆ ಬೀಳ್ತೀರ. ಲಾಕ್ ಒಳಗೆ ಕಾಪಿ_ಟು_ಯೂಸರ್ ಇದೆ ನೋಡಿ. ಯೂಸರ್ ಪೇಜ್ ಮೆಮೊರೀಲಿ ಇಲ್ದಿದ್ರೆ ಅದು ಪೇಜ್ ಫಾಲ್ಟ್ ಆಗಿ ನಿದ್ದೆ ಹೋಗಬಹುದು, ಸ್ಪಿನ್‌ಲಾಕ್ ಹಿಡಿದು ನಿದ್ದೆ ಹೋಗೋ ಹಂಗಿಲ್ಲ, ಇಂಟರಪ್ಟ್ ಬೇರೆ ಮುಚ್ಚಿದ್ರೆ ಕೇಳೋದೇ ಬೇಡ. ಲಾಕ್ ಒಳಗೆ ಒಂದು ಚಿಕ್ಕ ಲೋಕಲ್ ಬಫರ್‌ಗೆ ಎತ್ಕೊಳ್ಳಿ, ಲಾಕ್ ಬಿಡಿ, ಆಮೇಲೆ ಯೂಸರ್‌ಗೆ ಕಾಪಿ ಮಾಡಿ. ಮೆಮೊರಿ ಕೇಳೋ ಕೆಮ್ಯಾಲಕ್‌ಗೂ ಇದೇ ಮಾತು, ಲಾಕ್ ಒಳಗೆ ನಿದ್ದೆಗೆ ಅವಕಾಶ ಕೊಡೋ ಜಿಎಫ್‌ಪಿ_ಕರ್ನಲ್ ಫ್ಲಾಗ್ ಬೇಡ.

ಹಾಗೇ ಐಆರ್‌ಕ್ಯೂಸೇವ್ ಬದಲು ಸ್ಪಿನ್_ಲಾಕ್_ಐಆರ್‌ಕ್ಯೂ ಅಂತ ಇನ್ನೊಂದಿದೆ, ಟೈಪ್ ಮಾಡೋಕೆ ಸುಲಭ ಅಂತ ಅದನ್ನ ಹಾಕೋರು ಇದಾರೆ, ನಾನೂ ಹಾಕಿದ್ದೆ. ಅದು ಬಿಡುವಾಗ ಹಿಂದೆ ಮುಂದೆ ನೋಡ್ದೇ ಇಂಟರಪ್ಟ್ ತೆರೆದುಬಿಡುತ್ತೆ. ನನ್ನ ಫಂಕ್ಷನ್ ಕರೆದವರು ಆಗಲೇ ಬೇರೆ ಲಾಕ್ ಹಿಡಿದು ಇಂಟರಪ್ಟ್ ಮುಚ್ಚಿದ್ರು, ನಾನು ಹೊರಗೆ ಬರುವಾಗ ತೆರೆದೆ, ಅವರ ಲಾಕ್ ಬಯಲಿಗೆ ಬಿತ್ತು. ಮೂರು ದಿನ ಅವರ ಕೋಡ್ ಬೈಕೊಂಡು ಕೂತಿದ್ದೆ, ತಪ್ಪು ನಂದು.

ಎಂಟೆಕ್_ಮುಗೀತಿಲ್ಲ

ಒಂದು ಡೌಟು. ಪಾಠದಲ್ಲಿ ಡೆಡ್‌ಲಾಕ್ ಅಂದ್ರೆ ಎರಡು ಲಾಕ್ ಇರುತ್ತೆ, ಒಬ್ಬ ಒಂದನ್ನ ಹಿಡಿದು ಇನ್ನೊಂದಕ್ಕೆ ಕಾಯ್ತಾನೆ, ಇನ್ನೊಬ್ಬ ಉಲ್ಟಾ, ನೀ ಕೊಡೆ ನಾ ಬಿಡೆ. 1971ರಲ್ಲಿ ಕಾಫ್ಮನ್ ಮತ್ತು ಇಬ್ಬರು ಜೊತೆಗಾರರು ಬರೆದ ನಾಲ್ಕು ಷರತ್ತಿನಲ್ಲಿ ಸರ್ಕ್ಯುಲರ್ ವೇಟ್ (ಒಬ್ಬರಿಗೊಬ್ಬರು ಸುತ್ತಾಗಿ ಕಾಯೋದು) ಬೇಕೇ ಬೇಕು. ಇಲ್ಲಿ ಇರೋದು ಒಂದೇ ಲಾಕು. ಸುತ್ತು ಎಲ್ಲಿ ಬಂತು?

ಹಳೇಯುನಿಕ್ಸ್

ಒಳ್ಳೇ ಪ್ರಶ್ನೆ, ವೈವಾದಲ್ಲಿ ನಾನೇ ಕೇಳ್ತಿದ್ದೆ. ಎರಡನೇ ರಿಸೋರ್ಸ್ ಸಿಪಿಯು ಕೋರೇ. ರೀಡ್ ಕೈಲಿ ಲಾಕ್ ಇದೆ, ಅದಕ್ಕೆ ಕೋರ್ ಬೇಕು. ಹ್ಯಾಂಡ್ಲರ್ ಕೈಲಿ ಕೋರ್ ಇದೆ, ಅದಕ್ಕೆ ಲಾಕ್ ಬೇಕು. ಹ್ಯಾಂಡ್ಲರ್‌ನಿಂದ ಕೋರ್ ಕಿತ್ಕೊಳ್ಳೋಕೆ ಶೆಡ್ಯೂಲರ್‌ಗೆ ಅಧಿಕಾರ ಇಲ್ಲ. ನಾಲ್ಕೂ ಷರತ್ತು ತುಂಬಿತು.

ಹೀಗೆ ನೋಡಿದ್ರೆ ಐಆರ್‌ಕ್ಯೂಸೇವ್ ಏನು ಮಾಡ್ತಿದೆ ಅನ್ನೋದೂ ಅರ್ಥ ಆಗುತ್ತೆ. ಇಂಟರಪ್ಟ್ ಮುಚ್ಚೋದು ಅಂದ್ರೆ ಈ ಕೋರ್ ನಂದು ಅಂತ ಮೊದ್ಲೇ ಹಿಡ್ಕೊಳ್ಳೋದು, ಲಾಕ್ ಆಮೇಲೆ. ಹ್ಯಾಂಡ್ಲರ್‌ಗೂ ಕೋರ್ ಮೊದಲು ಸಿಗುತ್ತೆ, ಲಾಕ್ ಆಮೇಲೆ. ಇಬ್ಬರೂ ಒಂದೇ ಕ್ರಮದಲ್ಲಿ ಹಿಡಿದ್ರೆ ಸುತ್ತು ಆಗಲ್ಲ. ಎಲ್ಲರೂ ಹೇಳೋ ಲಾಕ್ ಆರ್ಡರಿಂಗ್ ಅನ್ನೋದೇ ಇದು, ಇಲ್ಲಿ ಒಂದು ಲಾಕ್‌ಗೆ ಹೆಸರಿಲ್ಲ ಅಷ್ಟೇ.

ತಿಮ್ಮ_ಟ್ರೇಸ್

1997ರಲ್ಲಿ ಮಂಗಳ ಗ್ರಹಕ್ಕೆ ಹೋಗಿದ್ದ ಪಾಥ್‌ಫೈಂಡರ್ ಪದೇ ಪದೇ ರೀಸೆಟ್ ಆಗ್ತಿದ್ದಿದ್ದೂ ಇದೇ ಡೆಡ್‌ಲಾಕ್‌ನಿಂದ ತಾನೇ?

ಎಂಟೆಕ್_ಮುಗೀತಿಲ್ಲ

ಅಲ್ಲ ಗುರು, ಅದು ಪ್ರಯಾರಿಟಿ ಇನ್ವರ್ಷನ್. ಕೆಳಗಿನ ಪ್ರಯಾರಿಟಿ ಟಾಸ್ಕ್ ಮ್ಯೂಟೆಕ್ಸ್ (ಕಾಯೋನು ನಿದ್ದೆ ಹೋಗೋ ಲಾಕ್) ಹಿಡಿದಿತ್ತು, ಮೇಲಿನದು ಅದಕ್ಕೆ ಕಾಯ್ತಿತ್ತು, ಮಧ್ಯದ ಪ್ರಯಾರಿಟಿದು ಬಂದು ಕೆಳಗಿನದನ್ನ ಓಡೋಕೇ ಬಿಡ್ಲಿಲ್ಲ, ಕೆಲಸ ಹೊತ್ತಿಗೆ ಮುಗೀಲಿಲ್ಲ ಅಂತ ಸಿಸ್ಟಮ್ ರೀಸೆಟ್. ಮಧ್ಯದ್ದು ಮುಗಿದ್ರೆ ದಾರಿ ತಾನಾಗೇ ತೆರೆಯುತ್ತೆ, ಡೆಡ್‌ಲಾಕ್‌ನಲ್ಲಿ ಯುಗ ಕಳೆದ್ರೂ ತೆರೆಯಲ್ಲ. ಅದರ ಓಎಸ್ ವಿಎಕ್ಸ್‌ವರ್ಕ್ಸ್‌ನಲ್ಲಿ ಆ ಮ್ಯೂಟೆಕ್ಸ್‌ಗೆ ಪ್ರಯಾರಿಟಿ ಇನ್ಹೆರಿಟೆನ್ಸ್ (ಲಾಕ್ ಹಿಡಿದೋನಿಗೆ ಕಾಯೋನ ಪ್ರಯಾರಿಟಿ ಕೊಡೋದು) ಆನ್ ಮಾಡಿ ಭೂಮಿಯಿಂದಲೇ ಸರಿ ಮಾಡಿದ್ರು. ಇನ್ಹೆರಿಟೆನ್ಸ್ ಇಲ್ಲಿ ಉಪಯೋಗಕ್ಕೆ ಬರಲ್ಲ, ಇಂಟರಪ್ಟ್‌ಗಿಂತ ಮೇಲಿನ ಪ್ರಯಾರಿಟಿ ರೀಡ್‌ಗೆ ಕೊಡೋದಾದ್ರೂ ಹೆಂಗೆ?

ತಿಮ್ಮ_ಟ್ರೇಸ್

ಸರಿ ಸರಿ ಒಪ್ದೆ 😀 ಆದ್ರೆ ಅಷ್ಟೆಲ್ಲಾ ಯಾಕೆ, ರೀಡ್ ಶುರುವಾದ ತಕ್ಷಣ ಲೋಕಲ್_ಐಆರ್‌ಕ್ಯೂ_ಡಿಸೇಬಲ್, ಮುಗಿದ್ಮೇಲೆ ಎನೇಬಲ್. ಲಾಕೇ ಬೇಡ. ಆಗಲ್ವಾ?

ನಿದ್ದೆಗೆಟ್ಟ_ಕೋರ್

ನೆಗಡಿ ಬಂತು ಅಂತ ಮೂಗು ಕೊಯ್ಕೊಂಡಂಗೆ. ಅದು ಒಂದು ಕೋರ್‌ನ ಇಂಟರಪ್ಟ್ ಮಾತ್ರ ಮುಚ್ಚುತ್ತೆ, ಪಕ್ಕದ ಕೋರ್‌ನಲ್ಲಿ ಹ್ಯಾಂಡ್ಲರ್ ಆರಾಮಾಗಿ ಬಂದು ಬಫರ್ ಮುಟ್ಟುತ್ತೆ. ಕೋರ್ ಒಂದೇ ಇದ್ದ ಕಾಲದ ಯುನಿಕ್ಸ್‌ನಲ್ಲಿ ಎಸ್‌ಪಿಎಲ್ ಅಂತ ಇದೇ ಇತ್ತು, ಆಗ ನಡೀತಿತ್ತು. ಅದೂ ಅಲ್ದೇ ಇಂಟರಪ್ಟ್ ಮುಚ್ಚಿದಷ್ಟು ಹೊತ್ತು ಆ ಕೋರ್‌ಗೆ ಟೈಮರ್ ಇಲ್ಲ, ನೆಟ್‌ವರ್ಕ್ ಇಲ್ಲ, ಬೇರೆ ಕೋರ್‌ನವರು ಕಳಿಸೋ ಐಪಿಐ (ಕೋರ್‌ನಿಂದ ಕೋರ್‌ಗೆ ಹೋಗೋ ಇಂಟರಪ್ಟ್) ಕೂಡ ಇಲ್ಲ.

ಮತ್ತೆ ಮುಚ್ಚಿಟ್ಟು, ಹ್ಯಾಂಡ್ಲರ್ ಹಾಕಬೇಕಾದ ಫ್ಲಾಗ್‌ಗೆ ಲೂಪ್‌ನಲ್ಲಿ ಕಾಯ್ತಾ ಕೂತೋರನ್ನೂ ನೋಡಿದೀನಿ. ಯಾವ ಇಂಟರಪ್ಟ್ ಬಂದು ಬಿಡಿಸಬೇಕೋ ಅದಕ್ಕೇ ಬಾಗಿಲು ಹಾಕಿ, ಇನ್ನೂ ಯಾಕೆ ಬಂದಿಲ್ಲ ಅಂತ ಕಾಯೋದು.

ರಿಂಗ್‌ಬಫರ್_ಹುಡುಗ

ಐಪಿಐ ಅಂದಿದ್ದಕ್ಕೆ ನೆನಪಾಯ್ತು. ಒಂದು ಕೋರ್ ಸಿಕ್ಕಾಕ್ಕೊಂಡ್ರೆ ಮಿಕ್ಕ ಮೂರು ಓಡ್ತಿರಬೇಕಲ್ವಾ, ನಂದ್ಯಾಕೆ ಪೂರ್ತಿ ಸತ್ತೋಗ್ತಿತ್ತು?

ನಿದ್ದೆಗೆಟ್ಟ_ಕೋರ್

ಸ್ವಲ್ಪ ಹೊತ್ತು ಓಡ್ತವೆ. ಆಮೇಲೆ ಯಾವುದೋ ಪ್ರೋಸೆಸ್ ಮೆಮೊರಿ ಮ್ಯಾಪಿಂಗ್ ಬದಲಾಯಿಸುತ್ತೆ, ಟಿಎಲ್‌ಬಿ (ಮ್ಯಾಪಿಂಗ್‌ನ ಕ್ಯಾಶ್) ಖಾಲಿ ಮಾಡಿ ಅಂತ ಬೇರೆ ಕೋರ್‌ಗಳಿಗೆ ಐಪಿಐ ಹೋಗುತ್ತೆ, ಎಕ್ಸ್86ನಲ್ಲಿ ಎಲ್ರೂ ಉತ್ತರ ಕೊಡೋವರೆಗೂ ಕಳಿಸಿದೋನು ಕಾಯ್ಬೇಕು. ಸಿಕ್ಕಾಕ್ಕೊಂಡ ಕೋರ್ ಇಂಟರಪ್ಟ್ ಮುಚ್ಕೊಂಡು ಸುತ್ತುತಿದೆ, ಅದು ಉತ್ತರ ಕೊಡಲ್ಲ. ಹೀಗೆ ಒಂದೊಂದೇ ಕೋರ್ ಸಾಲಾಗಿ ನಿಲ್ತಾ ಹೋಗುತ್ತೆ. ನಿಮ್ಮ ಕಾನ್ಫಿಗ್‌ನಲ್ಲಿ ಹಾರ್ಡ್ ಲಾಕಪ್ ಡಿಟೆಕ್ಟರ್ ಆಫ್ ಇರ್ಬೇಕು. ಅದು ಎನ್‌ಎಂಐ ಅನ್ನೋ ವಿಶೇಷ ಇಂಟರಪ್ಟ್ ಮೇಲೆ ನಡೆಯುತ್ತೆ, ಮಾಮೂಲಿ ಇಂಟರಪ್ಟ್ ಮುಚ್ಚಿದ್ರೂ ಎನ್‌ಎಂಐ ಮುಚ್ಚಲ್ಲ, ಹಾಗಾಗಿ ಡಿಫಾಲ್ಟ್ 10 ಸೆಕೆಂಡ್ ಹೊತ್ತಿಗೆ ಯಾವ ಫಂಕ್ಷನ್‌ನಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಸ್ಟ್ಯಾಕ್ ಬಿಸಾಕುತ್ತೆ.

ಅದಕ್ಕಿಂತ ಮೊದಲು ಕರ್ನಲ್‌ನಲ್ಲೇ ಇರೋ ಲಾಕ್ ಪರೀಕ್ಷಕ ಲಾಕ್‌ಡೆಪ್ ಆನ್ ಮಾಡಿ, ಕಾನ್ಫಿಗ್‌ನಲ್ಲಿ ಪ್ರೂವ್_ಲಾಕಿಂಗ್ ಅಂತ ಇರುತ್ತೆ. ಇಂಗೋ ಮೋಲ್ನಾರ್ ಬರೆದಿದ್ದು, 2006ರಲ್ಲಿ 2.6.18ಕ್ಕೆ ಸೇರಿತು. ಅದಕ್ಕೆ ನಿಜವಾದ ಹ್ಯಾಂಗ್ ಬೇಕಿಲ್ಲ. ಒಂದು ಲಾಕ್‌ನ ಒಂದ್ಸಲ ಇಂಟರಪ್ಟ್ ತೆರೆದಿರುವಾಗ ಹಿಡಿದಿದ್ದು ನೋಡ್ತು, ಇನ್ಯಾವಾಗ್ಲೋ ಹ್ಯಾಂಡ್ಲರ್ ಒಳಗೆ ಹಿಡಿದಿದ್ದು ನೋಡ್ತು, ಎರಡೂ ಕೂಡಿಸಿ ಇವೆರಡು ಒಂದಿನ ಡಿಕ್ಕಿ ಹೊಡೀತವೆ ಅಂತ ಹೇಳಿಬಿಡುತ್ತೆ. ಮಷಿನ್ ನಿಧಾನ ಆಗುತ್ತೆ, ಡೆವಲಪ್‌ಮೆಂಟ್ ಕರ್ನಲ್‌ಗೆ ಪರ್ವಾಗಿಲ್ಲ. ಜೊತೆಗೆ ಡಿಬಗ್_ಅಟಾಮಿಕ್_ಸ್ಲೀಪ್ ಕೂಡ ಹಾಕಿ, ಆ ಕಾಪಿ_ಟು_ಯೂಸರ್ ತರದ್ದನ್ನ ಅದು ಹಿಡಿಯುತ್ತೆ.

ರಿಂಗ್‌ಬಫರ್_ಹುಡುಗ

ಮೇಡಂ, ಹಳೇ ಕೋಡ್‌ನೇ ಬೇಕಂತಲೇ ಹಂಗೇ ಬಿಟ್ಟು ಲಾಕ್‌ಡೆಪ್ ಹಾಕಿ ಬೂಟ್ ಮಾಡ್ದೆ. ಮಾಡ್ಯೂಲ್ ಹಾಕಿ ಒಂದು ಸಲ ರೀಡ್, ಒಂದು ಇಂಟರಪ್ಟ್, ಅಷ್ಟೇ, ‘ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್’ ಅಂತ ಶುರುವಾಗಿ ಒಂದು ಪುಟ ಬಂತು. ಕೊನೇಲಿ ಕೋರ್ 0 ಅಂತ ಬರೆದು, ಲಾಕ್, ಅದರ ಕೆಳಗೆ ಇಂಟರಪ್ಟ್, ಅದರ ಕೆಳಗೆ ಮತ್ತೆ ಅದೇ ಲಾಕ್, ಆಮೇಲೆ ‘ಡೆಡ್‌ಲಾಕ್’ ಅಂತ ಚಿತ್ರ ಬಿಡಿಸಿ ತೋರಿಸಿದೆ! ಸರ್ ಮೇಲೆ ಹೇಳಿದ್ದೇ. ಎರಡು ವಾರ ನಾನು ರೀಸೆಟ್ ಬಟನ್ ಒತ್ಕೊಂಡು ಕೂತಿದ್ದಕ್ಕೆ ನಾಚಿಕೆ ಆಯ್ತು.

ಐಆರ್‌ಕ್ಯೂಸೇವ್ ಹಾಕಿ ಕಾಪಿ ಹೊರಗೆ ತಂದೆ, ರಾತ್ರಿಯೆಲ್ಲಾ ಓಡಿದೆ.

ಸೀರಿಯಲ್_ಸಂಗಪ್ಪ

ಪ್ರಿಂಟ್‌ಕೆ ಬಗ್ಗೆ ಒಂದು ಮಾತು ಹೇಳಿ ಹೋಗ್ತೀನಿ. ಈ ಹುಡುಗನ ಕೇಸ್‌ನಲ್ಲಿ ಅದು ಟೈಮಿಂಗ್ ಬದಲಾಯಿಸಿ ರೋಗ ಮುಚ್ಚಾಕಿತು. ನಂದು ಯುಆರ್ಟ್ (ಸೀರಿಯಲ್ ಪೋರ್ಟ್ ಚಿಪ್) ಡ್ರೈವರ್. ಹ್ಯಾಂಡ್ಲರ್ ಒಳಗೆ ಪೋರ್ಟ್ ಲಾಕ್ ಹಿಡಿದಿರುವಾಗ ಏನಾಗ್ತಿದೆ ನೋಡೋಣ ಅಂತ ಪ್ರಿಂಟ್‌ಕೆ ಹಾಕಿದೆ. ಪ್ರಿಂಟ್‌ಕೆ ಹೋಗೋದು ಕನ್ಸೋಲ್‌ಗೆ, ಕನ್ಸೋಲ್ ಇರೋದು ಅದೇ ಯುಆರ್ಟ್ ಮೇಲೆ, ಅದು ಬರೆಯೋಕೆ ಕೇಳಿದ್ದು ಅದೇ ಪೋರ್ಟ್ ಲಾಕ್. ಬಗ್ ಹುಡುಕೋಕೆ ಹಾಕಿದ ಸಾಲೇ ಬಗ್ಗು, ಬೇಲಿನೇ ಎದ್ದು ಹೊಲ ಮೇಯ್ದಂಗೆ. ಎಷ್ಟೋ ಸೀರಿಯಲ್ ಡ್ರೈವರ್‌ಗಳ ಕನ್ಸೋಲ್ ರೈಟ್‌ನಲ್ಲಿ ಕರ್ನಲ್ ಕ್ರ್ಯಾಶ್ ಆಗ್ತಿದ್ರೆ ಮಾತ್ರ ಟ್ರೈಲಾಕ್ ಮಾಡು (ಲಾಕ್ ಸಿಗದಿದ್ರೆ ಕಾಯ್ಬೇಡ) ಅಂತ ಒಂದು ಷರತ್ತು ಇರುತ್ತೆ, ಅದು ಇದೇ ಭಯಕ್ಕೆ.

ವಿಂಡೋಸ್_ವಾಸಿ

ನಮ್ಮ ಕಡೆ ಇದೇ ಆಟ ಬೇರೆ ಹೆಸರಲ್ಲಿ. ವಿಂಡೋಸ್‌ನಲ್ಲಿ ಪ್ರತಿ ಕೋರ್‌ಗೂ ಐಆರ್‌ಕ್ಯೂಎಲ್ ಅಂತ ಒಂದು ಮಟ್ಟ ಇರುತ್ತೆ. ಪ್ಯಾಸಿವ್ 0, ಡಿಸ್ಪ್ಯಾಚ್ 2, ಅದರ ಮೇಲೆ ಡಿವೈಸ್ ಇಂಟರಪ್ಟ್‌ಗಳು. ಮಾಮೂಲಿ ಕೆಇ_ಅಕ್ವೈರ್_ಸ್ಪಿನ್‌ಲಾಕ್ ಮಟ್ಟವನ್ನ ಡಿಸ್ಪ್ಯಾಚ್‌ವರೆಗೆ ಮಾತ್ರ ಏರಿಸುತ್ತೆ, ಡಿಪಿಸಿ (ಇಂಟರಪ್ಟ್ ಆದ್ಮೇಲಕ್ಕೆ ಮುಂದೂಡಿದ ಕೆಲಸ) ತಡೆಯೋಕೆ ಅದು ಸಾಕು, ಇಂಟರಪ್ಟ್ ಬಂದು ಅದೇ ಲಾಕ್ ಕೇಳಿದ್ರೆ ನಿಮ್ಮದೇ ಕಥೆ. ಐಎಸ್‌ಆರ್ (ಇಂಟರಪ್ಟ್ ಹ್ಯಾಂಡ್ಲರ್) ಜೊತೆ ಡೇಟಾ ಹಂಚ್ಕೊಳ್ಳೋದಾದ್ರೆ ಕೆಇ_ಸಿಂಕ್ರೊನೈಸ್_ಎಕ್ಸಿಕ್ಯೂಷನ್ ಬಳಸ್ಬೇಕು, ಅದು ಮಟ್ಟವನ್ನ ಆ ಡಿವೈಸ್‌ನ ಇಂಟರಪ್ಟ್‌ವರೆಗೂ ಏರಿಸಿ ಆಮೇಲೆ ಲಾಕ್ ಹಿಡಿಯುತ್ತೆ. ಇದರಲ್ಲಿ ನಂಗೆ ಇಷ್ಟ ಏನಂದ್ರೆ ಯಾವ ಫಂಕ್ಷನ್‌ನ ಯಾವ ಮಟ್ಟದಲ್ಲಿ ಕರೀಬಹುದು ಅಂತ ಡಾಕ್ಯುಮೆಂಟ್‌ನಲ್ಲೇ ಬರೆದಿರ್ತಾರೆ. ಲಿನಕ್ಸ್‌ನಲ್ಲಿ ಸೋರ್ಸ್ ಓದ್ಕೊಂಡು ತಿಳ್ಕೋಬೇಕು, ಬೇಜಾರ್ ಮಾಡ್ಕೋಬೇಡಿ.

ಹಳೇಯುನಿಕ್ಸ್

ಬೇಜಾರೇನಿಲ್ಲ, ನಿಜಾನೇ.

ರಿಂಗ್‌ಬಫರ್_ಹುಡುಗ

ಎರಡು ವಾರ ಆದ್ಮೇಲೆ ಮತ್ತೆ ಬಂದಿದೀನಿ, ಬೈಬೇಡಿ. ಪ್ರತಿ ಸ್ಯಾಂಪಲ್ ಮೇಲೂ ಒಂದಿಷ್ಟು ಲೆಕ್ಕ ಮಾಡ್ಬೇಕು ಅಂತ ಬಂತು, ಹ್ಯಾಂಡ್ಲರ್‌ನಲ್ಲಿ ಅಷ್ಟು ಹೊತ್ತು ಕೂರೋದು ಸರಿ ಅಲ್ಲ ಅಂತ ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂಗೆ ಬದಲಾಯಿಸ್ದೆ. ಮೇಲಿನ ಹ್ಯಾಂಡ್ಲರ್ ಕಾರ್ಡ್‌ನ ಇಂಟರಪ್ಟ್ ಮುಚ್ಚಿ ಥ್ರೆಡ್ ಎಬ್ಬಿಸುತ್ತೆ ಅಷ್ಟೇ, ಮಿಕ್ಕಿದ್ದೆಲ್ಲಾ ಥ್ರೆಡ್‌ನಲ್ಲಿ. ಥ್ರೆಡ್ ನಿದ್ದೆ ಹೋಗಬಹುದಲ್ವಾ, ಹಾಗಾಗಿ ಸ್ಪಿನ್‌ಲಾಕ್ ತೆಗೆದು ಮ್ಯೂಟೆಕ್ಸ್ ಹಾಕಿದೆ, ಕಾಪಿ_ಟು_ಯೂಸರ್ ಮತ್ತೆ ಒಳಗೆ ಬಂತು, ಕೋಡ್ ಚೆಂದ ಆಯ್ತು. ಇಂಟರಪ್ಟ್ ಮುಚ್ಚೋದೇ ಇಲ್ಲ, ಇನ್ನು ಡೆಡ್‌ಲಾಕ್ ಎಲ್ಲಿಂದ ಬರುತ್ತೆ ಅಂತ ಖುಷಿಯಾಗಿದ್ದೆ.

ಈಗ ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯೋ ಕಮಾಂಡ್) ಮಾಡಿದ್ರೆ ಕೆಲವು ಸಲ ವಾಪಸ್ ಬರೋದೇ ಇಲ್ಲ. ಮಷಿನ್ ಚೆನ್ನಾಗಿದೆ, ಆರ್‌ಎಂಮಾಡ್ ಮಾತ್ರ ಡಿ ಸ್ಟೇಟ್‌ನಲ್ಲಿ ಕೂತಿರುತ್ತೆ, ಕಿಲ್ -9 ಗೂ ಬಗ್ಗಲ್ಲ. ‘120 ಸೆಕೆಂಡ್‌ಗಿಂತ ಹೆಚ್ಚು ಬ್ಲಾಕ್ ಆಗಿದೆ’ ಅಂತ ಲಾಗ್ ಬರುತ್ತೆ. ಲಾಕ್‌ಡೆಪ್ ಬಾಯೇ ಬಿಡ್ತಿಲ್ಲ. ರಿಮೂವ್ ಫಂಕ್ಷನ್‌ನಲ್ಲಿ ಇರೋದಿಷ್ಟು: ಮ್ಯೂಟೆಕ್ಸ್ ಹಿಡಿ, ಕಾರ್ಡ್ ನಿಲ್ಸು, ಫ್ರೀ_ಐಆರ್‌ಕ್ಯೂ (ಹ್ಯಾಂಡ್ಲರ್ ತೆಗೆಯೋದು), ಬಫರ್ ಕೆಫ್ರೀ (ಮೆಮೊರಿ ವಾಪಸ್), ಮ್ಯೂಟೆಕ್ಸ್ ಬಿಡು.

ತಿಮ್ಮ_ಟ್ರೇಸ್

ಸಿಸ್‌ಆರ್‌ಕ್ಯೂ ಡಬ್ಲ್ಯೂ ಒತ್ತಿ, ಡಿ ಸ್ಟೇಟ್‌ನಲ್ಲಿ ಇರೋರ ಸ್ಟ್ಯಾಕ್ ಎಲ್ಲಾ ಬರುತ್ತೆ. ಆರ್‌ಎಂಮಾಡ್ ಒಬ್ನೇ ಇರಲ್ಲ, ಬೆಟ್ ಕಟ್ತೀನಿ.

ರಿಂಗ್‌ಬಫರ್_ಹುಡುಗ

ಹೌದು ಇಬ್ಬರಿದಾರೆ! ಆರ್‌ಎಂಮಾಡ್ ಫ್ರೀ_ಐಆರ್‌ಕ್ಯೂ ಒಳಗೆ ಕಾಯ್ತಿದೆ. ಇನ್ನೊಂದು ನನ್ನ ಇಂಟರಪ್ಟ್ ಥ್ರೆಡ್, ಮ್ಯೂಟೆಕ್ಸ್_ಲಾಕ್ ಒಳಗೆ.

ಓ. ಬರೀತಾ ಬರೀತಾ ಹೊಳೀತು. ಫ್ರೀ_ಐಆರ್‌ಕ್ಯೂ ಆ ಥ್ರೆಡ್ ಮುಗೀಲಿ ಅಂತ ಕಾಯ್ತಿದೆ, ಥ್ರೆಡ್ ನಾನು ಹಿಡಿದಿರೋ ಮ್ಯೂಟೆಕ್ಸ್‌ಗೆ ಕಾಯ್ತಿದೆ.

ಹಳೇಯುನಿಕ್ಸ್

ಅದೇ. ಇಂಟರಪ್ಟ್ ಮುಚ್ಚೋದು ಹೇಗೆ ಹೆಸರಿಲ್ಲದ ಲಾಕೋ, ಫ್ರೀ_ಐಆರ್‌ಕ್ಯೂ ಕೂಡ ಹಾಗೇ ಹೆಸರಿಲ್ಲದ ಲಾಕು. ಹ್ಯಾಂಡ್ಲರ್ ಮುಗಿಯೋವರೆಗೂ ಕಾಯ್ತೀನಿ ಅನ್ನೋ ಯಾವ ಕರೆಯಾದ್ರೂ ಸರಿ, ಆ ಹ್ಯಾಂಡ್ಲರ್ ಏನೇನು ಹಿಡಿಯುತ್ತೋ ಅದೆಲ್ಲಾ ನೀವೇ ಕೇಳಿದಂಗೆ ಲೆಕ್ಕ. ಡಿಸೇಬಲ್_ಐಆರ್‌ಕ್ಯೂ, ಸಿಂಕ್ರೊನೈಸ್_ಐಆರ್‌ಕ್ಯೂ, ಟೈಮರ್_ಡಿಲೀಟ್_ಸಿಂಕ್, ಕ್ಯಾನ್ಸಲ್_ವರ್ಕ್_ಸಿಂಕ್, ಎಲ್ಲಾ ಒಂದೇ ಜಾತಿ. ಡಿಸೇಬಲ್_ಐಆರ್‌ಕ್ಯೂನ ಅದೇ ಹ್ಯಾಂಡ್ಲರ್ ಒಳಗಿಂದ ಕರೆದ್ರಂತೂ ತಾನು ಮುಗಿಯೋದನ್ನ ತಾನೇ ಕಾಯುತ್ತೆ, ಅಲ್ಲಿಗೆ ನೋಸಿಂಕ್ ಅಂತ ಬೇರೇನೇ ಇದೆ. ಟೈಮರ್‌ಗೂ ವರ್ಕ್‌ಗೂ ಲಾಕ್‌ಡೆಪ್‌ಗೆ ಗೊತ್ತಾಗೋ ಹಾಗೆ ಗುರುತು ಹಾಕಿದಾರೆ, ಅಲ್ಲಿ ಅದು ಬೊಬ್ಬೆ ಹೊಡೆಯುತ್ತೆ. ನಿಮ್ಮ ಕೇಸ್‌ನಲ್ಲಿ ಅದರ ಕಣ್ಣಿಗೆ ಇದು ಲಾಕ್ ಅಂತ ಬೀಳಲೇ ಇಲ್ಲ.

ನಿದ್ದೆಗೆಟ್ಟ_ಕೋರ್

ರಿಮೂವ್‌ನಲ್ಲಿ ಆ ಮ್ಯೂಟೆಕ್ಸ್ ಯಾಕೆ ಬೇಕು ಅಂತ ಮೊದಲು ಕೇಳ್ಕೊಳ್ಳಿ. ಹೊಸ ರೀಡ್ ಬರದಂಗೆ ತಡೆಯೋಕೆ ಅಂದ್ರೆ, ಮ್ಯೂಟೆಕ್ಸ್ ಹಿಡಿದು ‘ಮುಚ್ತಿದೀನಿ’ ಅಂತ ಒಂದು ಫ್ಲಾಗ್ ಹಾಕಿ. ಮ್ಯೂಟೆಕ್ಸ್ ಬಿಡೋಕೆ ಮೊದ್ಲೇ ಕಾರ್ಡ್‌ನ ರಿಜಿಸ್ಟರ್‌ನಲ್ಲೇ ಇಂಟರಪ್ಟ್ ಮುಚ್ಚಿ, ಮುಚ್ಚಿದ ಮೇಲೆ ಅದೇ ರಿಜಿಸ್ಟರ್‌ನ ಒಂದ್ಸಲ ಓದಿ, ಪಿಸಿಐ ಬಸ್‌ನಲ್ಲಿ ರೈಟ್ ದಾರೀಲೇ ಎಲ್ಲೋ ಕೂತಿರುತ್ತೆ, ರೀಡ್ ಮಾಡಿದ್ರೆ ಅದನ್ನ ತಳ್ಕೊಂಡು ಹೋಗುತ್ತೆ. ಥ್ರೆಡ್ ಕೊನೇಲಿ ಕಾರ್ಡ್‌ನ ಇಂಟರಪ್ಟ್ ಮತ್ತೆ ತೆರೆಯುತ್ತಲ್ವಾ? ಅಲ್ಲೂ ಮ್ಯೂಟೆಕ್ಸ್ ಒಳಗೇ ಫ್ಲಾಗ್ ನೋಡಿ ತೆರೀಲಿ, ಮುಚ್ಚೋದನ್ನೂ ಫ್ಲಾಗ್ ಜೊತೆಗೇ ಮ್ಯೂಟೆಕ್ಸ್ ಒಳಗೇ ಮಾಡಿ, ಇಲ್ಲಾಂದ್ರೆ ನೀವು ಮುಚ್ಚಿದ ಬೆನ್ನಿಗೇ ಅದು ತೆರೆದುಬಿಡುತ್ತೆ. ಇದಾದ್ಮೇಲೆ ಮ್ಯೂಟೆಕ್ಸ್ ಬಿಟ್ಟು, ಯಾವ ಲಾಕೂ ಕೈಲಿ ಇಲ್ದೇ ಫ್ರೀ_ಐಆರ್‌ಕ್ಯೂ. ಅದು ವಾಪಸ್ ಬಂತು ಅಂದ್ರೆ ಹ್ಯಾಂಡ್ಲರ್ ಇನ್ನು ಇಲ್ಲ, ಥ್ರೆಡ್ಡೂ ಇಲ್ಲ. ಆಮೇಲೆ ಬಫರ್ ಕೆಫ್ರೀ.

ತಾನಾಗೇ ಇಂಟರಪ್ಟ್ ಬಿಡೋ ಡೆವ್‌ಎಂ_ರಿಕ್ವೆಸ್ಟ್ ಬಳಸೋ ಆಸೆ ಇದ್ರೆ ಎಚ್ಚರ. ಅದು ಇಂಟರಪ್ಟ್ ಬಿಡೋದು ರಿಮೂವ್ ಮುಗಿದ ಮೇಲೆ. ನೀವು ರಿಮೂವ್ ಒಳಗೇ ಕೈಯಾರೆ ಬಫರ್ ಕೆಫ್ರೀ ಮಾಡಿದ್ರೆ, ಆ ಸಂದೀಲಿ ಬಂದ ಇಂಟರಪ್ಟ್ ಸತ್ತ ಮೆಮೊರಿಗೆ ಬರೆಯುತ್ತೆ. ಹ್ಯಾಂಗ್ ಆಗಿದ್ರೇ ಚೆನ್ನಾಗಿತ್ತು ಅನ್ಸುತ್ತೆ ಆಗ.

ಎಂಟೆಕ್_ಮುಗೀತಿಲ್ಲ

ಇನ್ನೊಂದು ಡೌಟು, ಪ್ರಿಎಂಪ್ಟ್_ಆರ್‌ಟಿ (ರಿಯಲ್ ಟೈಮ್) ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಕೂಡ ನಿದ್ದೆ ಹೋಗುತ್ತಂತೆ, ಅಲ್ಲಿ ಮೊದಲನೇ ಸಮಸ್ಯೆನೇ ಬರಲ್ವಾ?

ಹಳೇಯುನಿಕ್ಸ್

ಬಹುಪಾಲು ಬರಲ್ಲ. 2024ರಲ್ಲಿ 6.12ರ ಹೊತ್ತಿಗೆ ಅದು ಮುಖ್ಯ ಕರ್ನಲ್‌ನಲ್ಲೇ ಆನ್ ಮಾಡೋ ಹಾಗಾಯ್ತು. ಅಲ್ಲಿ ಹ್ಯಾಂಡ್ಲರ್‌ಗಳೆಲ್ಲಾ ಹೆಚ್ಚು ಕಮ್ಮಿ ಥ್ರೆಡ್‌ಗಳೇ, ಐಆರ್‌ಕ್ಯೂಸೇವ್ ಹಾಕಿದ್ರೂ ನಿಜವಾಗಿ ಇಂಟರಪ್ಟ್ ಮುಚ್ಚಲ್ಲ. ಆದ್ರೆ ರಾ ಸ್ಪಿನ್‌ಲಾಕ್ ಮಾತ್ರ ಹಳೇ ತರಾನೇ ಸುತ್ತುತ್ತೆ, ಅದನ್ನ ಮುಟ್ಟಿದ್ರೆ ಹಳೇ ನಿಯಮ ಎಲ್ಲಾ ವಾಪಸ್. ಎರಡನೇ ಸಮಸ್ಯೆ ಅಲ್ಲೂ ಇದ್ದೇ ಇರುತ್ತೆ.

ರಿಂಗ್‌ಬಫರ್_ಹುಡುಗ

ಮೇಡಂ ಹೇಳಿದ ಕ್ರಮದಲ್ಲೇ ಬದಲಾಯಿಸ್ದೆ. ಕಾರ್ಡ್‌ಗೆ ಫುಲ್ ಲೋಡ್ ಕೊಟ್ಟು ಇನ್ಸ್‌ಮಾಡ್ ಆರ್‌ಎಂಮಾಡ್ ಲೂಪ್‌ನಲ್ಲಿ 500 ಸಲ ಓಡಿಸ್ದೆ, ಒಂದ್ಸಲಾನೂ ಸಿಕ್ಕಾಕ್ಕೊಂಡಿಲ್ಲ. ಆ ಫ್ಲಾಗ್ ತೆಗೆದು ನೋಡಿದ್ರೆ 40ನೇ ಸುತ್ತಿಗೇ ಇಂಟರಪ್ಟ್ ಮತ್ತೆ ತೆರೆದಿತ್ತು, ಅದೂ ಗೊತ್ತಾಯ್ತು. ಎಲ್ರಿಗೂ ಥ್ಯಾಂಕ್ಸ್.

ಹಳೇಯುನಿಕ್ಸ್

ಆ ಹಳೇ ಬೋರ್ಡ್‌ನಲ್ಲಿ ಇನ್ನೂ ಮೊದಲನೇ ಡ್ರೈವರೇ ಓಡ್ತಿದ್ಯಾ?

ರಿಂಗ್‌ಬಫರ್_ಹುಡುಗ

ಹೌದು ಸರ್, ಅದು ಹ್ಯಾಂಗ್ ಆಗಲ್ವಲ್ಲ ಅಂತ ಮುಟ್ಟಿಲ್ಲ… ಇವತ್ತು ಅದರ ಡೇಟಾ ಫೈಲ್ ತೆಗೆದು ಸೀಕ್ವೆನ್ಸ್ ನಂಬರ್ ತಾಳೆ ನೋಡ್ದೆ. ಮೂರು ಕಡೆ ನಂಬರ್ ಹಾರಿದೆ, ಒಂದು ಕಡೆ ಒಂದೇ ಸ್ಯಾಂಪಲ್ ಎರಡು ಸಲ ಬಂದಿದೆ. ಸಂಜೆ ಅದಕ್ಕೂ ಹೊಸದನ್ನ ಹಾಕ್ತೀನಿ.